ವಾರ್ನಿಶ್ ಮೇಲಿನ ಸಹಿ

ನವೆಂಬರ್ 9

ಶಾಯಿ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಇದು ಯಾರ ಪತ್ರವೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾಗದಿದ್ದರೆ ಹೇಳಿಬಿಡುತ್ತೇನೆ: ಕಲಾಶಾಲೆಯ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನಿನ್ನ ಪಕ್ಕದ ಮಂಚದಲ್ಲಿ ಮಲಗಿದವಳು, ನೀನು ಕಡ್ಡಿ ಎಂದು ಹೆಸರಿಟ್ಟವಳು. ಈಗ ನೋಡಿದರೆ ಆ ಹೆಸರನ್ನು ವಾಪಸು ತೆಗೆದುಕೊಳ್ಳುತ್ತೀಯ. ಮೆಟ್ಟಿಲು ಹತ್ತಿದರೆ ಏದುಸಿರು ಬರುವಷ್ಟು ದಪ್ಪಗಾಗಿದ್ದೇನೆ.

ನಿನ್ನ ವಿಳಾಸ ಸಿಕ್ಕಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಈಗ ಅವನು ಮನೆಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟರ್. ತಲೆ ಅರ್ಧ ಬೆಳ್ಳಗಾಗಿದೆ, ನನ್ನನ್ನು ಕಂಡರೆ ಇನ್ನೂ ಸಿಗರೇಟು ಬಚ್ಚಿಡುತ್ತಾನೆ. ಹೋದ ವಾರ ಶಾಲೆಯ ಗೋಡೆ ನೋಡಲು ಬಂದಿದ್ದ. "ಟೀಚರ್, ನಾನೀಗ ಕೆಲಸ ಮಾಡಿಸ್ತಿರೋ ಊರಲ್ಲಿ ಬಣ್ಣದಂಗಡೀಲಿ ಒಬ್ಬರು ಅಕ್ಕ ಇದಾರೆ. ಗೋಡೆಯಿಂದ ಉಗುರಷ್ಟು ಚೂರು ಕಿತ್ಕೊಂಡು ಹೋಗಿ ಕೊಟ್ರೆ ಸಾಕು, ಅದೇ ಬಣ್ಣ ಕಲಸಿ ಕೊಡ್ತಾರೆ. ಮಿಷನ್ನು ಕಲಸಿದ್ದನ್ನ ಬೆರಳಿಗೆ ಹಚ್ಕೊಂಡು ನೋಡಿ, ಇದಕ್ಕೆ ಇನ್ನೆರಡು ತೊಟ್ಟು ಹಳದಿ ಬೇಕು ಅಂತಾರೆ. ಎಲ್ರೂ ಅವರನ್ನ ಶಾಯಿ ಅಕ್ಕ ಅಂತಾರೆ" ಎಂದ. ನನ್ನ ಕೈಯಲ್ಲಿದ್ದ ಬ್ರಷ್ ಹಾಗೇ ನಿಂತಿತು. ಆ ಹೆಸರು ಲೋಕದಲ್ಲಿ ಇನ್ನೊಬ್ಬಳಿಗೆ ಇರಲಾರದು.

ನನ್ನ ವಿಷಯ ಹೇಳುವುದಾದರೆ, ಕೈಗೆ ಬಿಡುವಿಲ್ಲ. ಅದೇ ಶಾಲೆ, ಅದೇ ಚಿತ್ರಕಲೆ ಟೀಚರ್. ವಾರಕ್ಕೆ ಮೂವತ್ತು ಪೀರಿಯಡ್. ಮಂಗಳವಾರ, ಶುಕ್ರವಾರ ಸಂಜೆ ಗ್ರಂಥಾಲಯದ ಮಹಡಿಯಲ್ಲಿ ದೊಡ್ಡವರಿಗೆ ಪಾಠ. ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದಾರೆ, ಏನು ಬರೆಯಲು ಹೇಳಿದರೂ ರಸ್ತೆ ಬರೆಯುತ್ತಾರೆ. ಭಾನುವಾರ ಬೆಳಿಗ್ಗೆ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಹದಿನಾಲ್ಕು ಮಕ್ಕಳು. ಇದರ ನಡುವೆ ಮಕ್ಕಳ ಆಸ್ಪತ್ರೆಯ ಉದ್ದನೆಯ ಗೋಡೆಗೆ ಮೀನುಗಳನ್ನು ಬರೆಯುತ್ತಿದ್ದೇನೆ. ಶಾಲೆಯ ನಾಟಕಕ್ಕೆ ಪರದೆ ಬೇಕೆಂದರೆ ನಾನು, ಯಾರದೋ ತೀರಿಹೋದ ಅಜ್ಜನ ಪಾಸ್‌ಪೋರ್ಟ್ ಫೋಟೊ ದೊಡ್ಡದಾಗಿ ಬರೆದುಕೊಡಬೇಕೆಂದರೆ ನಾನು. ಸ್ಪರ್ಧೆಗೆ ತೀರ್ಪುಗಾರಳೂ ನಾನೇ, ಬಹುಮಾನದ ಸರ್ಟಿಫಿಕೇಟಿನ ಮೇಲೆ ಅಂದವಾಗಿ ಹೆಸರು ಬರೆಯುವವಳೂ ನಾನೇ.

ಮಾರ್ಚ್ ಕೊನೆಗೆ ನಿವೃತ್ತಿ. ಬೀಳ್ಕೊಡುವ ಮೊದಲು ನನ್ನ ಮೂವತ್ತೆರಡು ವರ್ಷದ ಚಿತ್ರಗಳ ಪ್ರದರ್ಶನ ಇಡುತ್ತೇವೆ ಎಂದು ಹೆಡ್‌ಮಿಸ್ ಹಟ ಹಿಡಿದಿದ್ದಾರೆ.

ನಿನಗೊಂದು ವಿಷಯ ಹೇಳುವುದಿದೆ. ಹೇಳಬೇಕೆಂದೇ ಈ ಪತ್ರ ಬರೆಯಲು ಕುಳಿತೆ. ಮೂರನೇ ಹಾಳೆ ಮುಗಿಯುತ್ತಾ ಬಂದರೂ ಅದರ ಹತ್ತಿರ ಹೋಗಿಲ್ಲ. ಈಗ ಗಂಟೆ ಹೊಡೆಯಿತು, ಐದನೇ ಕ್ಲಾಸಿನ ಮಕ್ಕಳು ಬಾಗಿಲಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತಿದ್ದಾರೆ.

ನಿನ್ನ
ಕಡ್ಡಿ

*

ನವೆಂಬರ್ 28

ಶಾಯಿ,

ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಓದು ಮುಗಿಸಿ ಬೇರೆಬೇರೆಯಾದ ಮೇಲೆ ನೀನು ಎರಡು ಪತ್ರ ಹಾಕಿದ್ದೆ. ಎರಡಕ್ಕೂ ನಾನು ಬರೆಯಲಿಲ್ಲ.

ಮೊನ್ನೆ ಭಾನುವಾರ ಪಾಠ ಮುಗಿದು ಮಕ್ಕಳೆಲ್ಲ ಹೋದರು. ಹದಿನಾಲ್ಕು ಲೋಟ ತೊಳೆದೆ. ಹದಿನಾಲ್ಕು ಸ್ಟೂಲು ಗೋಡೆಗೆ ಒತ್ತರಿಸಿದೆ. ನೆಲಕ್ಕೆ ಅಂಟಿದ್ದ ಬಣ್ಣ ಕೆರೆದೆ. ಆಮೇಲೆ ಇನ್ನೇನೂ ಮಾಡಲು ಉಳಿದಿರಲಿಲ್ಲ. ಕೆಳಗಡೆ ಬೀಗ ರಿಪೇರಿಯ ಅಂಗಡಿಗೆ ಆವತ್ತು ರಜೆ, ಅರ ತಿಕ್ಕುವ ಸದ್ದೂ ಇಲ್ಲ. ಯಾರೋ ಇನ್ನೂ ಬರುವುದಿದೆ ಎನ್ನುವ ಹಾಗೆ ಒಂದು ಸ್ಟೂಲನ್ನು ಮತ್ತೆ ಎಳೆದುಕೊಂಡು ಬಾಗಿಲ ಕಡೆ ಮುಖ ಮಾಡಿ ಕುಳಿತೆ. ಅಮ್ಮ ಇದ್ದಾಗ ಒಳಗಿನಿಂದ ಒಂದು ಕೆಮ್ಮಾದರೂ ಕೇಳುತ್ತಿತ್ತು. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಇಡೀ ಊರು ನನ್ನನ್ನು ಟೀಚರ್ ಎನ್ನುತ್ತದೆ. ನನ್ನ ಹೆಸರು ಹಿಡಿದು ಕೂಗುವವರು ಈಗ ಡಾಕ್ಟರ ಬಳಿ ಚೀಟಿ ಕೊಡುವ ಹುಡುಗಿ ಒಬ್ಬಳೇ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಮುಖ್ಯ ವಿಷಯ ಪಕ್ಕಕ್ಕೆ ಸರಿಸಲು. ನಿನಗೆ ನನ್ನ ಈ ಚಾಳಿ ಗೊತ್ತು. ಪರೀಕ್ಷೆಯ ಹಿಂದಿನ ದಿನ ನಾನು ಪೆಟ್ಟಿಗೆ ಜೋಡಿಸುತ್ತಾ ಕೂರುತ್ತಿದ್ದೆ.

ಪ್ರದರ್ಶನದ ಆಹ್ವಾನ ಪತ್ರಿಕೆಗೆ ಹೆಡ್‌ಮಿಸ್ ಒಂದು ಚಿತ್ರ ಆರಿಸಿದ್ದಾರೆ. ನಾನು ಬೇರೆ ಆರು ಚಿತ್ರ ಮುಂದಿಟ್ಟೆ. ಒಂದನ್ನೂ ಸರಿಯಾಗಿ ನೋಡಲಿಲ್ಲ. "ಅಯ್ಯೋ ಟೀಚರ್, ನಿಮ್ಮ ಅತ್ಯುತ್ತಮ ಚಿತ್ರ ಕಾರಿಡಾರಿನಲ್ಲಿ ಇರುವಾಗ ಇವೆಲ್ಲ ಯಾಕೆ?" ಎಂದರು.

ಬರೆಯಲು ಕೈ ಬರುತ್ತಿಲ್ಲ. ಮುಂದಿನ ವಾರ ಬರೆಯುತ್ತೇನೆ.

ಕಡ್ಡಿ

*

ಡಿಸೆಂಬರ್ 6

ಟೀಚರ್ ಅವರಿಗೆ,

ನಿಮ್ಮ ಎರಡು ಪತ್ರಗಳೂ ತಲುಪಿವೆ. ಅಂಗಡಿಯಲ್ಲಿ ಈಗ ಕೆಲಸ ಹೆಚ್ಚು, ಆದ್ದರಿಂದ ಉತ್ತರ ತಡವಾಯಿತು. ನಾನು ಕ್ಷೇಮ. ನಮ್ಮವರು ತೀರಿಕೊಂಡು ನಾಲ್ಕು ವರ್ಷವಾಯಿತು. ಮಗಳು ಗಂಡನ ಮನೆಯಲ್ಲಿದ್ದಾಳೆ.

ಆಹ್ವಾನ ಪತ್ರಿಕೆಗೆ ಆರಿಸಿರುವುದು ಯಾವ ಚಿತ್ರ ಎಂದು ನೀವು ಬರೆಯಲಿಲ್ಲ.

ಇಂತಿ,
ಬಣ್ಣದಂಗಡಿಯವಳು

*

ಡಿಸೆಂಬರ್ 14

ಶಾಯಿ,

ನಿನ್ನ ಪತ್ರದ ಕೊನೆಯ ಸಾಲನ್ನು ನಾಲ್ಕು ಸಲ ಓದಿದೆ. ನಿನಗೆ ಗೊತ್ತಿದೆಯೋ, ಬರಿಯ ಅನುಮಾನವೋ, ನಾನರಿಯೆ. ಯಾವುದಾದರೂ ಸರಿ, ಇನ್ನು ಸುತ್ತಿ ಬಳಸುವುದಿಲ್ಲ.

ಹಾಸ್ಟೆಲಿನ ಅಡುಗೆಯವಳು ಮಧ್ಯಾಹ್ನ ಕೆಲಸ ಮುಗಿಸಿ ಕುರ್ಚಿಯಲ್ಲಿ ನಿದ್ದೆ ಹೋಗಿರುವ ಚಿತ್ರ. ಚಪ್ಪಲಿಯಿಂದ ಹೊರಗೆ ಬಂದ ಅವಳ ಪಾದ, ತೆರೆದ ಬಾಗಿಲಿನ ಬೆಳಕು, ಕುರ್ಚಿಯ ಕೆಳಗೆ ಆ ನೆರಳು. ನೀನು ಕೊನೆಯ ವರ್ಷ ಬರೆದದ್ದು. ಅದು ಮೂವತ್ತೆರಡು ವರ್ಷದಿಂದ ನಮ್ಮ ಶಾಲೆಯ ಕಾರಿಡಾರಿನಲ್ಲಿ ನನ್ನ ಹೆಸರಿನಲ್ಲಿ ತೂಗುತ್ತಿದೆ.

ನಡೆದದ್ದು ಹೀಗೆ. ಈ ಕೆಲಸದ ಸಂದರ್ಶನಕ್ಕೆ ಐದು ಚಿತ್ರ ತರಬೇಕಿತ್ತು. ನಿನ್ನ ಅಪ್ಪನಿಗೆ ಕಾಯಿಲೆಯೆಂದು ನೀನು ಊರಿಗೆ ಹೊರಟೆ. ಹೋಗುವಾಗ ನಿನ್ನ ಚಿತ್ರಗಳನ್ನೆಲ್ಲ ನನ್ನ ಮಂಚದ ಕೆಳಗೆ ತಳ್ಳಿ, "ಇವನ್ನ ನೋಡ್ಕೊಳ್ಳೇ" ಎಂದೆ. ನನ್ನ ಹತ್ತಿರ ನಾಲ್ಕು ಚಿತ್ರ ಇದ್ದವು. ಐದನೆಯದು ಕೆಟ್ಟಿತ್ತು, ಮುಖ ಕೆರೆದು ಕೆರೆದು ಬಟ್ಟೆ ತೂತಾಗಿತ್ತು. ನಿನಗೆ ಸಹಿ ಹಾಕುವ ಅಭ್ಯಾಸ ಇರಲಿಲ್ಲ. "ಹೆಸರು ಹಾಕಿದ್ರೆ ಮುಗಿದುಹೋಯ್ತು ಅನ್ಸತ್ತೆ" ಎನ್ನುತ್ತಿದ್ದೆ. ಸಂದರ್ಶನದ ಹಿಂದಿನ ದಿನ ಅಡುಗೆಯವಳ ಚಿತ್ರಕ್ಕೆ ವಾರ್ನಿಶ್ ಬಳಿದೆ. ಮಾರನೆಯ ಬೆಳಿಗ್ಗೆ, ಅದು ಇನ್ನೂ ಸ್ವಲ್ಪ ಅಂಟಂಟಾಗಿರುವಾಗಲೇ, ಬಲಗಡೆಯ ಮೂಲೆಯಲ್ಲಿ ನನ್ನ ಹೆಸರು ಬರೆದೆ.

ಉಳಿದ ನಾಲ್ಕನ್ನು ಸಂದರ್ಶನಕ್ಕೆ ಕುಳಿತಿದ್ದ ಮೂವರು ಮಗುಚಿ ಹಾಕಿದರು. ಇದರ ಮುಂದೆ ಮೂವರೂ ಎದ್ದು ನಿಂತರು. ಆಗಿನ ಹೆಡ್‌ಮಾಸ್ಟರು, "ಇದನ್ನು ಶಾಲೆಗೇ ಕೊಟ್ಟುಬಿಡಮ್ಮ" ಎಂದರು. ಕೊಟ್ಟೆ.

ನೀನು ವಾಪಸು ಬಂದು ಚಿತ್ರ ಎಲ್ಲಿ ಎಂದು ಕೇಳಿದೆ. ಕೋಣೆಯ ಸೂರು ಸೋರಿ ಹಾಳಾಯಿತು, ಕಸಕ್ಕೆ ಹಾಕಿದೆ ಎಂದೆ. ನೀನು, "ಹೋಗ್ಲಿ ಬಿಡು" ಎಂದು ಹೇಳಿ, ಗೋಡೆ ಕಡೆ ತಿರುಗಿ ಮಲಗಿದೆ.

ಆಮೇಲೆ ನಾನು ಪ್ರತಿ ಬೇಸಿಗೆ ರಜೆಯಲ್ಲೂ ಅದರಷ್ಟು ಚೆನ್ನಾಗಿರುವ ಒಂದು ಚಿತ್ರ ಬರೆಯಲು ಕುಳಿತಿದ್ದೇನೆ. ಬರೆದು, ಅದನ್ನು ಇಳಿಸಿ ಇದನ್ನು ತೂಗುಹಾಕಿ, ಅದನ್ನು ನಿನಗೆ ಕಳುಹಿಸಿಬಿಡಬೇಕು ಎಂದು. ಒಂದೂ ಬರಲಿಲ್ಲ. ಆದ್ದರಿಂದ ಬಿಡುವೇ ಇಲ್ಲದ ಹಾಗೆ ಕೆಲಸ ಹಚ್ಚಿಕೊಂಡೆ. ಜನ ನನ್ನನ್ನು ದಣಿವರಿಯದವಳು ಎನ್ನುತ್ತಾರೆ. ಮಕ್ಕಳನ್ನು ಆ ಚಿತ್ರದ ಮುಂದೆ ನಿಲ್ಲಿಸಿ "ನೋಡಿ, ನೆರಳು ಕಪ್ಪಲ್ಲ" ಎಂದು ಪಾಠ ಮಾಡಿದ್ದೇನೆ. "ಈ ನೆರಳು ಹೇಗೆ ಮಾಡಿದ್ರಿ ಟೀಚರ್?" ಎಂದು ಕೇಳಿದವರಿಗೆ, "ದೊಡ್ಡವರಾದ ಮೇಲೆ ಗೊತ್ತಾಗುತ್ತೆ" ಎಂದಿದ್ದೇನೆ. ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೇಗೆ ಮಾಡಿದೆ ಶಾಯಿ?

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ.

ಕಡ್ಡಿ

*

ಜನವರಿ 11

ಶಾಯಿ,

ನಾಲ್ಕು ವಾರವಾಯಿತು. ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಅವನೀಗ ತಾನಾಗಿಯೇ ಕೆಳಗಿನಿಂದ ಕೈ ಆಡಿಸಿ "ಇಲ್ಲ" ಎನ್ನುತ್ತಾನೆ.

ನೀನು ಬರೆಯದಿದ್ದರೂ ನಾನು ಸುಮ್ಮನಿರಲಿಲ್ಲ. ಹೆಡ್‌ಮಿಸ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಒಳ್ಳೆಯವರೇ, ಚಿಕ್ಕ ವಯಸ್ಸು, ನನ್ನ ಹತ್ತಿರವೇ ಚಿತ್ರ ಕಲಿತವರು. ಕೇಳಿಸಿಕೊಂಡು, ಬಾಗಿಲು ಹಾಕಿ ಬಂದರು.

"ಟೀಚರ್, ಕಾರ್ಡು ಪ್ರಿಂಟಾಗಿ ಬಂದಿದೆ. ನಿಮಗೆ ಸುಸ್ತಾಗಿದೆ ಅಷ್ಟೇ. ಎರಡು ದಿನ ರಜಾ ಹಾಕಿ."

"ಸುಸ್ತಲ್ಲ ಮೇಡಂ. ಇದು ಕಳ್ಳತನ."

"ಆ ಪದ ಈ ರೂಮಲ್ಲಿ ಬೇಡ. ಮೂವತ್ತು ವರ್ಷದ ಹಿಂದಿನ ಮಾತು ಈಗ ಯಾರಿಗೆ ಬೇಕಾಗಿದೆ? ಅವರು ಬಂದು ಕೇಳಿದ್ರಾ?"

"ಇಲ್ಲ."

"ಮತ್ತೆ? ಅವರೇ ಬಿಟ್ಟಿರೋದನ್ನ ನೀವ್ಯಾಕೆ ಕೆದಕ್ತೀರಿ?"

ನಾನು ಎದ್ದು ಬಂದೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಹಾಯೆನಿಸಿತು. ಹೇಳುವುದು ಹೇಳಿಯಾಯಿತು, ಅವರು ಬೇಡವೆಂದರು, ನನ್ನದೇನಿದೆ ಎಂದುಕೊಂಡೆ. ಕಾರಿಡಾರಿಗೆ ಬಂದು ಆ ಚಿತ್ರದ ಮುಂದೆ ಹಾಯುವಾಗ ತಲೆ ಎತ್ತಲಾಗಲಿಲ್ಲ.

ಒಂದು ಯೋಚನೆ ಬಂದಿದೆ. ಮಾರ್ಚ್ ಇಪ್ಪತ್ತಕ್ಕೆ ಪ್ರದರ್ಶನ. ನೀನು ಬಾ. ನಿನ್ನನ್ನು ವೇದಿಕೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಇಡೀ ಊರಿನ ಮುಂದೆ, ಇದನ್ನು ಬರೆದವಳು ಇವಳು ಎಂದು ನಾನೇ ಹೇಳುತ್ತೇನೆ. ಅವತ್ತು ಹೆಡ್‌ಮಿಸ್ ಕೂಡ ನನ್ನ ಬಾಯಿ ಮುಚ್ಚಿಸಲಾರರು. ಒಪ್ಪುತ್ತೀಯಾ?

ಕಡ್ಡಿ

*

ಜನವರಿ 23

ಕಡ್ಡಿ,

ಒಪ್ಪುವುದಿಲ್ಲ.

ಈಗ ಕೂತು ಓದು. ನೀನು ಕೂರುವವಳಲ್ಲ, ಆದರೂ.

ನನಗೆ ಗೊತ್ತಿತ್ತು. ಅನುಮಾನವಲ್ಲ, ಕಣ್ಣಾರೆ ಕಂಡಿದ್ದೆ. ನಾವು ಬೇರೆಬೇರೆಯಾಗಿ ಏಳು ವರ್ಷಕ್ಕೆ ನಮ್ಮವರಿಗೆ ನಿಮ್ಮ ಊರಿಗೇ ವರ್ಗವಾಯಿತು. ಮಗಳನ್ನು ಶಾಲೆಗೆ ಸೇರಿಸಬೇಕಿತ್ತು. ಕೈ ಹಿಡಿದುಕೊಂಡು ನಿಮ್ಮ ಶಾಲೆಗೆ ಬಂದೆ. ಆಫೀಸಿನ ಮುಂದೆ ಸಾಲು ಇತ್ತು, ಆದ್ದರಿಂದ ಕಾರಿಡಾರಿನಲ್ಲಿ ಅಡ್ಡಾಡಿದೆ. ಅಡುಗೆಯವಳು ಅಲ್ಲಿ ಮಲಗಿದ್ದಳು.

ಮೊದಲು ನನಗೆ ಸಿಟ್ಟು ಬರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ನಮ್ಮವರಿಗೂ ಹೇಳಿರಲಿಲ್ಲ. ಮೊದಲು ಅನಿಸಿದ್ದು, "ಅಯ್ಯೋ, ಎಷ್ಟು ಚೆನ್ನಾಗಿದೆ" ಅಂತ. ಸೋರಿ ಹಾಳಾಯಿತೆಂದು ನೀನು ಹೇಳಿದ ಮೇಲೆ ನಾನು ನನಗೆ ಸಮಾಧಾನ ಹೇಳಿಕೊಂಡಿದ್ದೆ: ಅದೇನು ಅಂಥ ಚಿತ್ರವಲ್ಲ, ಆ ವಯಸ್ಸಿನಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದೆ ಅಂತ. ಹಾಗೆ ಅಂದುಕೊಂಡೇ ಬ್ರಷ್ಷು ಬಿಟ್ಟೆ, ಮದುವೆಯಾದೆ. ಅಲ್ಲಿ ನಿಂತಾಗ ಗೊತ್ತಾಯಿತು, ಅದು ಅಂಥ ಚಿತ್ರವೇ. ಆಮೇಲೆ ಮೂಲೆಯಲ್ಲಿ ನಿನ್ನ ಹೆಸರು ಓದಿದೆ.

ಮಗಳು "ಅಮ್ಮಾ, ನನ್ನ ಕೈ ನೋಯ್ತಿದೆ" ಎಂದಳು. ಅಷ್ಟು ಗಟ್ಟಿಯಾಗಿ ಹಿಡಿದಿದ್ದೆ. ಅವಳನ್ನು ಬೇರೆ ಶಾಲೆಗೆ ಸೇರಿಸಿದೆ.

ಆ ಊರಿನಲ್ಲಿ ಒಂಬತ್ತು ವರ್ಷ ಇದ್ದೆ. ನಿಮ್ಮ ಶಾಲೆಯಲ್ಲಿ ವರ್ಷಕ್ಕೊಂದು ದಿನ ಮಕ್ಕಳ ಚಿತ್ರಗಳನ್ನು ಇಟ್ಟು ಎಲ್ಲರನ್ನೂ ಒಳಗೆ ಬಿಡುತ್ತಿದ್ದಿರಿ. ಪ್ರತಿ ವರ್ಷ ಬಂದಿದ್ದೇನೆ. ಮಕ್ಕಳ ಚಿತ್ರ ನೋಡಲಲ್ಲ. ನಿನ್ನನ್ನು ಮಾತನಾಡಿಸಲೂ ಬಂದೆ, ಸುಳ್ಳು ಯಾಕೆ ಹೇಳಲಿ. ಎದುರಿಗೆ ಸಿಕ್ಕರೆ ನೀನು ಏನು ಮಾಡುತ್ತೀಯ ನೋಡೋಣ ಅಂತ. ಐದನೇ ವರ್ಷವೋ ಆರನೇ ವರ್ಷವೋ ನಾನು ಚಿತ್ರದ ಮುಂದೆ ನಿಂತಿದ್ದೆ. ನೀನು ತೋಳಿನ ತುಂಬ ಡ್ರಾಯಿಂಗ್ ಶೀಟು ಹೊತ್ತುಕೊಂಡು ಓಡಿ ಬಂದೆ. ನಾನು ಪೂರ್ತಿ ನಿನ್ನ ಕಡೆ ತಿರುಗಿದೆ. ನೀನು ನನ್ನ ಮುಖ ನೋಡಿ, "ಸ್ವಲ್ಪ ಜಾಗ ಬಿಡಮ್ಮಾ" ಎಂದು ಹೇಳಿ ಹೋದೆ.

ಜಾಗ ಬಿಟ್ಟೆ.

ಚಿತ್ರ ಕದ್ದದ್ದಕ್ಕಿಂತ ಅದು ನನಗೆ ಹೆಚ್ಚು ದಿನ ನೋವು ಕೊಟ್ಟಿತು. ಕದಿಯುವಾಗ ನನ್ನನ್ನು ನೆನಪಿಟ್ಟುಕೊಂಡೇ ಕದ್ದಿದ್ದೆ.

ಈಗ ನೀನು ನನ್ನನ್ನು ವೇದಿಕೆಯ ಮೇಲೆ ಕೂರಿಸುತ್ತೀಯಂತೆ. ಆಮೇಲೆ ಎದೆ ಮುಟ್ಟಿಕೊಂಡು ತಪ್ಪೊಪ್ಪಿಕೊಳ್ಳುತ್ತೀಯ. ಜನ ಕಣ್ಣೊರೆಸಿಕೊಳ್ಳುತ್ತಾರೆ, ಎಂಥ ದೊಡ್ಡ ಮನಸ್ಸು ಟೀಚರದ್ದು ಎನ್ನುತ್ತಾರೆ. ಆ ಚಪ್ಪಾಳೆ ಮತ್ತೆ ಯಾರಿಗೆ ಬಿತ್ತು ಹೇಳು? ನನ್ನ ಚಿತ್ರದಿಂದ ಒಮ್ಮೆ ಮೇಲೆ ಬಂದೆ, ಈಗ ನನ್ನಿಂದಲೂ ಬರಬೇಕಾ? ಕ್ಷಮೆ ಗಿಮೆ ಕೇಳುವುದಾದರೆ ನಮ್ಮ ಅಂಗಡಿಯಲ್ಲಿ ಅದು ಸ್ಟಾಕಿಲ್ಲ. ಬರುತ್ತದೋ ಇಲ್ಲವೋ ಕಂಪನಿಯವರೂ ಹೇಳಿಲ್ಲ.

ನನ್ನ ಹೆಸರು ಎಲ್ಲೂ ಹಾಕಬೇಡ. ನಿನ್ನದನ್ನು ತೆಗೆ. ಅಷ್ಟೇ ನಾನು ಕೇಳುವುದು.

ಆ ನೆರಳು ಹೇಗೆ ಮಾಡಿದೆ ಎಂದು ಕೇಳಿದ್ದೀಯ. ಹೇಳುವುದಿಲ್ಲ. ಒಂದಾದರೂ ನನ್ನ ಹತ್ತಿರ ಇರಲಿ.

ಶಾಯಿ

*

ಫೆಬ್ರವರಿ 19

ಶಾಯಿ,

ನಿನ್ನ ಪತ್ರ ಬಂದು ಹತ್ತು ದಿನ ನಾನು ಯಾವ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಆಸ್ಪತ್ರೆಯ ಗೋಡೆಯಲ್ಲಿ ಒಂದು ಮೀನಿಗೆ ಕಣ್ಣು ಹಾಕುವುದನ್ನೇ ಮರೆತೆನಂತೆ. ನರ್ಸ್ ಫೋನು ಮಾಡಿ ನಕ್ಕಳು. ಕಾರಿಡಾರಿನಲ್ಲಿ ನಿಂತ ಆ ಹೆಂಗಸಿನ ಮುಖ ಎಷ್ಟು ನೆನಪಿಸಿಕೊಂಡರೂ ಸಿಗಲಿಲ್ಲ. ಮೂವತ್ತೆರಡು ವರ್ಷದಲ್ಲಿ "ಜಾಗ ಬಿಡಿ" ಎಂದು ಎಷ್ಟು ಜನರಿಗೆ ಹೇಳಿದ್ದೇನೋ.

ಹೋದ ವಾರ ಸೋಮವಾರ ಎರಡನೇ ಪೀರಿಯಡ್ಡಿನಲ್ಲಿ ಕಾರಿಡಾರಿಗೆ ಏಣಿ ತಂದು ಇಟ್ಟೆ. ಹತ್ತಿಯ ಉಂಡೆ, ಟರ್ಪೆಂಟೈನ್ ಬಾಟಲಿ, ಹಳೆಯ ಬನಿಯನ್ ಬಟ್ಟೆ. ಯಾರಿಗೂ ಕಾಣದ ಹೊತ್ತಿನಲ್ಲಿ ಮಾಡಬಹುದಿತ್ತು. ಕದ್ದು ಬರೆದದ್ದನ್ನು ಕದ್ದೇ ಅಳಿಸುವುದು ಬೇಡ ಅನಿಸಿತು.

ಸಹಿ ವಾರ್ನಿಶ್ ಮೇಲೆ ಇತ್ತಲ್ಲ, ಅದರ ಜೊತೆಗೇ ಬಂತು. ಹತ್ತಿ ಅದ್ದಿ ಮೆಲ್ಲಗೆ ಒತ್ತಿ ತೆಗೆದರೆ ಮೊದಲು ಹಳದಿ, ಆಮೇಲೆ ಒಂದೊಂದೇ ಅಕ್ಷರ. ಕೆಳಗೆ ನೀನು ಹಚ್ಚಿದ ಬಣ್ಣಕ್ಕೆ ಏನೂ ಆಗಲಿಲ್ಲ. ಅರ್ಧ ಹೆಸರು ಹೋಗುವಷ್ಟರಲ್ಲಿ ಎರಡನೇ ಕ್ಲಾಸಿನವರು ಆಟದ ಮೈದಾನದಿಂದ ಬಂದರು. ಒಬ್ಬಳು, ಮುಂದಿನ ಎರಡು ಹಲ್ಲು ಬಿದ್ದವಳು, ಏಣಿಯ ಕಾಲು ಹಿಡಿದು ಕೇಳಿದಳು:

"ಟೀಚರ್, ನಿಮ್ಮ ಹೆಸರು ಯಾಕೆ ಅಳಿಸ್ತಿದೀರಿ?"

"ಇದು ನಾನು ಬರೆದದ್ದಲ್ಲ ಪುಟ್ಟಿ."

"ಮತ್ತೆ ಹೆಸರು ಯಾಕೆ ಹಾಕಿದ್ರಿ?"

"ಬೇಕು ಅನ್ನಿಸ್ತು. ಹಾಕ್ಕೊಂಡೆ. ತಪ್ಪು."

ಅವಳು ಏಣಿಯ ಕಾಲು ಬಿಟ್ಟು, "ಮಿಸ್ಸಿಗೆ ಹೇಳ್ಲಾ?" ಎಂದಳು.

"ಹೇಳು" ಎಂದೆ.

ಹೆಡ್‌ಮಿಸ್ ಬರುವ ಹೊತ್ತಿಗೆ ಕೊನೆಯ ಅಕ್ಷರವೂ ಹೋಗಿತ್ತು. ಅವರು ಕೂಗಾಡಲಿಲ್ಲ. ನಾನು ಏಣಿ ಇಳಿಯುವವರೆಗೆ ಕಾದು, "ನನಗೆ ಚಿತ್ರ ನೋಡೋದು ಕಲಿಸಿದ್ದೇ ನೀವು ಇದನ್ನು ತೋರಿಸಿ. ಈಗ ನಾನು ಏನಂತ ನಂಬಲಿ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಏಣಿ ಮಡಿಚಿದೆ.

ನಿನ್ನ ಹೆಸರನ್ನು ಯಾರಿಗೂ ಹೇಳಿಲ್ಲ. ಕೇಳಿದವರಿಗೆ ನನ್ನ ಜೊತೆ ಓದಿದವಳು ಎಂದಷ್ಟೇ ಹೇಳಿದ್ದೇನೆ.

ಪ್ರದರ್ಶನ ರದ್ದಾಯಿತು. ಊಟದ ಹೊತ್ತಿನಲ್ಲಿ ನನ್ನ ಮೇಜಿಗೆ ಈಗ ಯಾರೂ ಡಬ್ಬಿ ತರುವುದಿಲ್ಲ. ಬೈಯುವುದಿಲ್ಲ, ಮಾತು ನಿಲ್ಲಿಸುತ್ತಾರೆ ಅಷ್ಟೇ. ಭಾನುವಾರದ ಹದಿನಾಲ್ಕರಲ್ಲಿ ಐವರು ಉಳಿದಿದ್ದಾರೆ. ಗ್ರಂಥಾಲಯದವರು ಹೊಸ ಟೀಚರನ್ನು ಹುಡುಕುತ್ತಿದ್ದಾರಂತೆ. ಬಸ್ ಡ್ರೈವರ್ ಮಾತ್ರ ಮೆಟ್ಟಿಲ ಹತ್ತಿರ ಕಾದಿದ್ದು, "ರಿವರ್ಸ್ ತಗೊಳ್ಳೋದು ಎಲ್ರಿಗೂ ಬರಲ್ಲ ಟೀಚರ್" ಎಂದು ಹೇಳಿ ಹೋದರು.

ಇದನ್ನೆಲ್ಲ ನಿನ್ನಿಂದ ಅಯ್ಯೋ ಅನಿಸಿಕೊಳ್ಳಲು ಬರೆಯುತ್ತಿಲ್ಲ. ನೀನು ಕೇಳಿದ್ದು ಆಗಿದೆ ಎಂದು ತಿಳಿಸಲು ಬರೆದೆ.

ಕಡ್ಡಿ

*

ಮಾರ್ಚ್ 31

ಶಾಯಿ,

ಇವತ್ತು ಕೊನೆಯ ದಿನ. ಸ್ಟಾಫ್ ರೂಮಿನಲ್ಲಿ ಟೀ ಕೊಟ್ಟರು, ಹೆಡ್‌ಮಿಸ್ ನಾಲ್ಕು ವಾಕ್ಯ ಮಾತನಾಡಿದರು. ನಾಲ್ಕೂ ನಿಜವಾದ ವಾಕ್ಯಗಳು: ಇಷ್ಟು ವರ್ಷ ಕೆಲಸ ಮಾಡಿದರು, ಒಂದು ದಿನವೂ ತಡವಾಗಿ ಬರಲಿಲ್ಲ, ಇಷ್ಟು ಮಕ್ಕಳಿಗೆ ಕಲಿಸಿದರು, ಇವತ್ತು ನಿವೃತ್ತರಾಗುತ್ತಿದ್ದಾರೆ. ಇನ್ನೂ ಒಂದು ಹೇಳುತ್ತಾರೇನೋ ಎಂದು ಎಲ್ಲರೂ ಕಾದರು. ಅವರು ಕುಳಿತುಬಿಟ್ಟರು.

ಆಮೇಲೆ ನನ್ನನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋದರು. ನಿನ್ನ ಚಿತ್ರವನ್ನು ಹೋದ ತಿಂಗಳೇ ಇಳಿಸಿ ಮುರಿದ ಬೆಂಚುಗಳ ಹಿಂದೆ ಇಡಿಸಿದ್ದರು. "ನಮ್ಮ ರಿಜಿಸ್ಟರಿನಲ್ಲಿ ಇದು ನೀವು ಕೊಟ್ಟ ಚಿತ್ರ ಅಂತಿದೆ. ನಿಮ್ಮದಲ್ಲ ಅಂದಮೇಲೆ ನೀವು ಹೇಗೆ ಕೊಡ್ತೀರಿ, ನಾವು ಹೇಗೆ ಇಟ್ಕೊಳ್ಳೋದು? ಯಾರದೋ ಅವರಿಗೆ ಮುಟ್ಟಿಸಿ" ಎಂದರು. ಬಾಗಿಲವರೆಗೆ ಹೋದವರು ನಿಂತು, ಇನ್ನೊಮ್ಮೆ ಅಡುಗೆಯವಳನ್ನು ನೋಡಿ ಹೋದರು.

ನಾನೇ ತಂದುಕೊಡುವ ಧೈರ್ಯವಿಲ್ಲ. ನಿನ್ನ ವಿಳಾಸ ಕೊಟ್ಟ ಕಂಟ್ರಾಕ್ಟರನ ವ್ಯಾನಿನಲ್ಲಿ ಕಳುಹಿಸುತ್ತಿದ್ದೇನೆ. ಎರಡು ಕಂಬಳಿ ಸುತ್ತಿದ್ದೇನೆ, ಮೂಲೆಗಳಿಗೆ ರಟ್ಟು ಕಟ್ಟಿದ್ದೇನೆ. ಗುಂಡಿ ಬಂದ ಕಡೆ ನಿಧಾನ ಹೋಗು ಎಂದು ಅವನಿಗೆ ಮೂರು ಸಲ ಹೇಳಿದೆ.

ನಾಳೆ ಎದ್ದು ಏನು ಮಾಡುವುದು ಎಂದು ತಿಳಿಯುತ್ತಿಲ್ಲ. ಇಷ್ಟು ದಿನ ಕೆಲಸದ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದೆ. ಇವತ್ತು ಹಾಳೆ ತೆಗೆದುಕೊಂಡು ಕುಳಿತೆ. "ಹಾಲು" ಎಂದು ಬರೆದೆ. ಎರಡನೆಯದು ಹೊಳೆಯಲಿಲ್ಲ.

ಇನ್ನು ನಾನಾಗಿ ಬರೆದು ನಿನಗೆ ತೊಂದರೆ ಕೊಡುವುದಿಲ್ಲ. ಚಿತ್ರ ಮುಟ್ಟಿತು ಎಂದು ಅವನ ಹತ್ತಿರ ಹೇಳಿ ಕಳುಹಿಸಿದರೆ ಸಾಕು.

ಕಡ್ಡಿ

*

ಏಪ್ರಿಲ್ 21

ಕಡ್ಡಿ,

ಮುಟ್ಟಿತು. ಆ ಮನುಷ್ಯನಿಗೆ ನೀನು ಎಷ್ಟು ಹೆದರಿಸಿದ್ದೆಯೋ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ.

ಕಂಬಳಿ ಬಿಚ್ಚಿ ಗೋಡೆಗೆ ಒರಗಿಸಿ, ಬೆಳಕಿಗೆ ತಿರುಗಿಸಿ, ಮೂವತ್ತೆರಡು ವರ್ಷದ ಮೇಲೆ ಯಾರ ಭಯವೂ ಇಲ್ಲದೆ ನೋಡಿದೆ. ಒಂದು ಹೇಳಲಾ? ಬಲಗೈ ತಪ್ಪಿದೆ. ಭುಜದಿಂದ ಮೊಣಕೈವರೆಗೆ ಎರಡು ಬೆರಳಷ್ಟು ಹೆಚ್ಚು ಉದ್ದ. ಅವಳು ಎದ್ದು ನಿಂತರೆ ಕೈ ಮೊಣಕಾಲಿಗೆ ತಾಗುತ್ತದೆ. ಇಷ್ಟು ವರ್ಷ ಅದರ ಮುಂದೆ ಪಾಠ ಮಾಡಿದ್ದೀಯಲ್ಲ, ಒಂದು ದಿನವಾದರೂ ಕಾಣಲಿಲ್ಲವಾ? ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಪಕ್ಕದ ಮನೆಯವರು ಏನಾಯಿತೆಂದು ಬಂದು ಬಾಗಿಲು ಬಡಿದರು.

ನಗು ನಿಂತ ಮೇಲೆ ನಡೆದದ್ದು ಬೇರೆ. ಅದನ್ನು ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದೆ.

ಮಾರನೆಯ ದಿನ ಅಂಗಡಿಗೆ ರಜೆ ಹೇಳಿ, ಹೋಗಿ ಕ್ಯಾನ್ವಾಸು, ಬಣ್ಣದ ಟ್ಯೂಬು, ಮೂರು ಬ್ರಷ್ಷು ತಂದೆ. ಕಿಟಕಿಯ ಹತ್ತಿರ ಇಟ್ಟು ಕುಳಿತೆ. ದಿನಕ್ಕೆ ನಲವತ್ತು ಬಣ್ಣ ಕಲಸಿಕೊಡುವವಳು ನಾನು. ಯಾವ ಗೋಡೆಯ ಯಾವ ಬಣ್ಣವೂ ನನ್ನ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ಸಾಯಂಕಾಲದವರೆಗೆ ಕುಳಿತಿದ್ದರೂ ಆ ಬಿಳಿಯ ಮೇಲೆ ಒಂದು ಗೆರೆ ಎಳೆಯಲಾಗಲಿಲ್ಲ. ಅದರ ಮರುವಾರವೂ ಅಷ್ಟೇ. ನೀನು ಕದ್ದಿದ್ದರಿಂದ ನಾನು ಬರೆಯುವುದು ಬಿಟ್ಟೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಹಾಗೆ ನಂಬಿದರೆ ಹಾಯಾಗಿತ್ತು. ಈಗ ಚಿತ್ರ ವಾಪಸು ಬಂದಿದೆ. ನಿನ್ನ ಮೇಲೆ ಹೇರಲು ಏನೂ ಉಳಿದಿಲ್ಲ, ಕ್ಯಾನ್ವಾಸು ಮಾತ್ರ ಬೆಳ್ಳಗೇ ಇದೆ.

ಮಗಳಿಗೆ ಹೇಳಿದರೆ, "ಈ ವಯಸ್ಸಲ್ಲಿ ಯಾಕಮ್ಮ ಇದೆಲ್ಲ" ಎನ್ನುತ್ತಾಳೆ. ಅಂಗಡಿಯವರಿಗೆ ಕ್ಯಾನ್ವಾಸೂ ಒಂದೇ ಗೋಡೆಯೂ ಒಂದೇ. ಖಾಲಿ ಬಟ್ಟೆಯ ಮುಂದೆ ದಿನವಿಡೀ ಕೂರುವುದು ಎಂದರೆ ಏನು ಎಂದು ಗೊತ್ತಿರುವವಳು, ನನಗೆ ಪರಿಚಯ ಇರುವವರಲ್ಲಿ, ನೀನೊಬ್ಬಳೇ. ಇದು ಎಂಥ ಗ್ರಹಚಾರ ನೋಡು.

ವಸ್ತುಗಳನ್ನು ಇಟ್ಟು ನೋಡಿದೆ, ಬರಲಿಲ್ಲ. ನನಗೆ ಎದುರಿಗೆ ಉಸಿರಾಡುವ ಮನುಷ್ಯರು ಬೇಕು. ಅಡುಗೆಯವಳೂ ಉಸಿರಾಡುತ್ತಿದ್ದಳು, ಅದಕ್ಕೇ ಆ ಚಿತ್ರ ಬಂತು.

ಭಾನುವಾರ ನನಗೆ ರಜೆ. ನಿನ್ನ ಊರಿನಿಂದ ಬೆಳಿಗ್ಗೆ ಏಳಕ್ಕೆ ಒಂದು ಬಸ್ಸಿದೆ, ಹತ್ತೂವರೆಗೆ ಇಲ್ಲಿ ಇಳಿಸುತ್ತದೆ. ಅಂಗಡಿಯ ಪಕ್ಕದ ಓಣಿ, ಹಸಿರು ಗೇಟು. ಬಂದವಳು ಏನನ್ನೂ ವಿವರಿಸಬೇಡ, ಅಳಬೇಡ. ಪಾತ್ರೆ ತೊಳೆಯಲು ಏಳಬೇಡ, ಸ್ಟೂಲು ಸರಿಸಬೇಡ. ಕಿಟಕಿಯ ಪಕ್ಕ ಕುರ್ಚಿ ಹಾಕಿರುತ್ತೇನೆ. ಅದರಲ್ಲಿ ಮೂರು ಗಂಟೆ ಅಲುಗಾಡದೆ ಕೂರಬೇಕು.

ನಾನು ನಿನ್ನ ಮುಖ ನೋಡಬೇಕು.

ಶಾಯಿ